ಶಾಲೆ, ಪಂಚಾಯತ್‌ಗಳು ಹಿಡಿಸೂಡಿಯನ್ನೇ ಕೊಳ್ಳಲಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಶಾಲೆಯ ಅಂಗಳ ಗುಡಿಸಲು ಈಗ ಪ್ಲಾಸ್ಟಿಕ್ ಕಡ್ಡಿಯ ಪೊರಕೆ ಬಂದಿದೆ. ಶಾಲೆಯ ಹಿಂದೆಯೇ ತೆಂಗಿನ ತೋಟ. ಅಲ್ಲಿ ಬಿದ್ದ ಮಡಲುಗಳನ್ನು ರಾಶಿ ಹಾಕಿ ಸುಡುತ್ತಾರೆ. ಇದನ್ನು ನೋಡಿ ಬೇಸರವಾಗಿ ಬರೆಯುತ್ತಿದ್ದೇನೆ.

ಹಿಡಿಸೂಡಿ ಎಂದರೆ ನಮ್ಮಲ್ಲಿ ತೆಂಗಿನ ಗರಿಯ ಕಡ್ಡಿಯಿಂದ ಕಟ್ಟಿದ್ದು. ಮೈಸೂರು ಕಡೆ ಇದನ್ನೇ ಕಡ್ಡಿಪೊರಕೆ ಎನ್ನುತ್ತಾರೆ. ಮನೆಯೊಳಗಿನ ನಯವಾದ ನೆಲಕ್ಕೆ ಹುಲ್ಲಿನ ಪೊರಕೆ ಬೇರೆ. ಆ ಹುಲ್ಲು ಮೇಘಾಲಯದಂಥ ಈಶಾನ್ಯದ ಗುಡ್ಡಗಳಿಂದ ಬರಬೇಕು. ಹಿಡಿಸೂಡಿಗೆ ಬೇಕಾದ್ದೆಲ್ಲ ಹಿತ್ತಿಲಲ್ಲೇ ಇದೆ. ಫಲ ಕೊಡುವ ತೆಂಗಿನ ಮರದಿಂದ ವರ್ಷಕ್ಕೆ ಸುಮಾರು 12 ಮಡಲು ಬೀಳುತ್ತವೆ, ಒಂದೊಂದರಲ್ಲೂ ಸುಮಾರು 200 ಗರಿ. ಗರಿಯ ಎರಡೂ ಬದಿ ಕತ್ತಿಯಿಂದ ಹೆರೆದು, ನಡುವಿನ ಕಡ್ಡಿ ಒಂದು ಹಿಡಿಯಾದಾಗ ಬುಡ ಸಮ ಮಾಡಿ ಬಿಗಿದರೆ ಮುಗಿಯಿತು.

ಅಡಿಕೆ ಅಂಗಳದ ಧೂಳು, ಮಳೆಗಾಲದಲ್ಲಿ ನೆಲಕ್ಕಂಟಿದ ಒದ್ದೆ ಎಲೆ, ಸಿಮೆಂಟಿನ ಮೇಲೆ ನಿಂತ ನೀರು, ಎಲ್ಲಕ್ಕೂ ಅದೇ ಆಗುತ್ತದೆ. ಉದ್ದ ಕೋಲಿಗೆ ಕಟ್ಟಿದರೆ ಮಾಡಿನ ಜೇಡರಬಲೆ ತೆಗೆಯಬಹುದು, ನಡು ಬಗ್ಗಿಸದೆ ರಸ್ತೆ ಗುಡಿಸಬಹುದು. ತುದಿ ಸವೆದಷ್ಟೂ ಕಡ್ಡಿ ಬಿರುಸು; ಹಾಗಾಗಿ ಹಟ್ಟಿ ತೊಳೆಯಲು, ಬಾವಿಕಟ್ಟೆಯ ಪಾಚಿ ಉಜ್ಜಲು ಮೋಟು ಹಿಡಿಸೂಡಿಯೇ ಬೇಕು. ಕೊನೆಗೆ ತೆಂಗಿನ ಬುಡಕ್ಕೆ ಹಾಕಿದರಾಯಿತು, ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಕಡ್ಡಿ ತುಂಡಾಗಿ ಮಣ್ಣು ಸೇರಿದರೆ ಹೆಕ್ಕುವವರು ಯಾರು? ಮಕ್ಕಳು ಆಡುವ ಅಂಗಳ ಅದು. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಲ್ಲಿ ತಟ್ಟೆ, ಲೋಟ, ಸ್ಟ್ರಾಗಳಿವೆ, ಪೊರಕೆ ಇಲ್ಲ. ಅದು ಏಕಬಳಕೆಯದಲ್ಲ, ನಿಜ. ಹಾಗೆಂದು ಸರಕಾರಿ ಹಣದಲ್ಲಿ ಅದನ್ನೇ ಕೊಳ್ಳಬೇಕೆಂದಿಲ್ಲ.

ನಮ್ಮ ಸುತ್ತಮುತ್ತ ಹಿಡಿಸೂಡಿ ಕಟ್ಟುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ದಿನವಿಡೀ ಕೂತು ಹೆರೆದರೂ ಅವರ ಕೈಗೆ ಸಿಗುವುದು ಅಷ್ಟಕ್ಕಷ್ಟೇ. ಗ್ರಾಮ ಪಂಚಾಯತ್‌ಗಳು ತಮ್ಮ ವ್ಯಾಪ್ತಿಯ ಶಾಲೆ, ಅಂಗನವಾಡಿ, ರಸ್ತೆಗಳ ಸ್ವಚ್ಛತೆಗೆ ಬೇಕಾದ ಹಿಡಿಸೂಡಿಗಳನ್ನು ಸಂಜೀವಿನಿ ಸ್ವಸಹಾಯ ಗುಂಪುಗಳ ಮೂಲಕ ಇಂಥವರಿಂದ ನ್ಯಾಯವಾದ ದರಕ್ಕೆ ಕೊಳ್ಳಲಿ. ಮಳೆ ಹಿಡಿದ ಮೇಲೆ ಕಡ್ಡಿ ಒಣಗುವುದಿಲ್ಲ, ಬೂಸ್ಟು ಬರುತ್ತದೆ. ಎಷ್ಟು ಬೇಕೆಂದು ಬೇಸಗೆಗೆ ಮೊದಲೇ ತಿಳಿಸಿದರೆ ಕಟ್ಟಿಡಲು ಅವರಿಗೂ ಅನುಕೂಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲಾ ಪಂಚಾಯತ್‌ಗಳು ಈ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿ.

– ಓದುಗರೊಬ್ಬರು, ಪುತ್ತೂರು