ಮೈಕೇ ಇಲ್ಲದ ಮಾಧ್ಯಮ ಕಾರ್ಯಾಗಾರ

ಸಂಪಾದಕರಿಗೆ ನಮಸ್ಕಾರ.

ಕೋಲಾರದ ಮಾಧ್ಯಮ ಕಾರ್ಯಾಗಾರದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. 'ಯಶಸ್ವಿಯಾಗಿ ನಡೆಯಿತು' ಅಂತ ಬರೆದಿದ್ದೀರಿ. ನಾನೂ ಅಲ್ಲೇ ಇದ್ದೆ ಸ್ವಾಮಿ, ಹಿಂದಿನ ಸಾಲಿನಲ್ಲಿ, ಕೈ ಮುರಿದ ಕುರ್ಚಿಯಲ್ಲಿ.

ನನ್ನ ಮಗಳದ್ದು ಬಿಎ ಕೊನೆ ವರ್ಷ. ರೇಡಿಯೋದಲ್ಲಿ ಮಾತಾಡಬೇಕು ಅಂತ ಆಸೆ. 500 ರೂಪಾಯಿ ಕಟ್ಟಿ, ಅಂಗಡಿ ಬಾಗಿಲು ಹಾಕಿ, ಬೆಳಿಗ್ಗೆ ಏಳಕ್ಕೇ ಬಸ್ ಹತ್ತಿಸಿದೆ. 10ಕ್ಕೆ ಶುರು ಅಂದಿದ್ದರು. ಉದ್ಘಾಟಕರು ಬಂದಿದ್ದು 12ಕ್ಕೆ. ಆಮೇಲೆ ಮುಕ್ಕಾಲು ಗಂಟೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಅಷ್ಟರಲ್ಲಿ ಕರೆಂಟ್ ಹೋಯ್ತು. ಜನರೇಟರ್ ಇದೆ, ಡೀಸೆಲ್ ಇಲ್ಲ! ಪ್ರಸಾರ ಕಲಿಸೋಕೆ ಬಂದವರು ಗಂಟಲು ಹರಿದುಕೊಂಡರೂ ಮೂರನೇ ಸಾಲಿನಿಂದಾಚೆ ಕೇಳಿಸಲಿಲ್ಲ. 'ಇದು ಡಿವಿಜಿ ಹುಟ್ಟಿದ ಜಿಲ್ಲೆ' ಅನ್ನೋದು ಮಾತ್ರ ನಾಲ್ಕು ಸಲ ಕೇಳಿಸಿತು. ಅವರು ಮುಳಬಾಗಿಲಿನವರು ಅಂತ ನಮಗೆ ಗೊತ್ತಿಲ್ವಾ?

ಮಗಳು ಎದ್ದು ಕೇಳಿದಳು: ಆಕಾಶವಾಣಿಯ ಧ್ವನಿ ಪರೀಕ್ಷೆ ಹೇಗಿರುತ್ತೆ, ತಾಲ್ಲೂಕು ವರದಿಗಾರರಿಗೆ ಸಂಬಳವಾ ಅಥವಾ ಸುದ್ದಿಗೆ ಇಷ್ಟು ಅಂತಲಾ? 'ಮೊದಲು ತುಡಿತ ಇರಬೇಕಮ್ಮಾ' ಅಂದು ಅತಿಥಿಗಳು ವಾಚು ನೋಡಿಕೊಂಡರು. ತುಡಿತ ತೋರಿಸಿದರೆ ಕಂಡಕ್ಟರ್ ಟಿಕೆಟ್ ಕೊಡ್ತಾನಾ?

ನಮ್ಮ ಬೂದಿಕೋಟೆ ಕಡೆ ಕೇಳಿ ನೋಡಿ. 2006ಕ್ಕೆ ಮೊದಲು ಹಳ್ಳಿಯವರಿಗೆ ಸ್ವಂತ ರೇಡಿಯೋ ಕೇಂದ್ರ ನಡೆಸೋಕೆ ಲೈಸೆನ್ಸೇ ಸಿಗುತ್ತಿರಲಿಲ್ಲ. ಆಗಲೇ ಊರವರು, ಅದರಲ್ಲೂ ಹೆಂಗಸರು, ಕೇಬಲ್ ವೈರಿನಲ್ಲೇ 'ನಮ್ಮ ಧ್ವನಿ' ಅನ್ನೋ ಊರ ರೇಡಿಯೋ ನಡೆಸಿದ್ದರು. ವೇದಿಕೆ ಮೇಲಿದ್ದ ಒಬ್ಬರ ಬಾಯಲ್ಲೂ ಆ ಹೆಸರು ಬರಲಿಲ್ಲ.

ಇನ್ನು ಸರ್ಟಿಫಿಕೇಟು. 'ಪತ್ರಿಕೋದ್ಯಮ' ಅನ್ನೋದು 'ಪತ್ರಿಕೋಧ್ಯಮ' ಅಂತ ಅಚ್ಚಾಗಿದೆ! ಮಗಳು ಬಸ್ಸಿನಲ್ಲಿ ಕೂತು, ಆ 'ಧ'ದ ಹೊಟ್ಟೆ ಸೀಳಿದ ಗೆರೆಯನ್ನು ಉಗುರಿನಿಂದ ಕೆರೆದಳು. ಕಾಗದ ತೂತಾಯಿತು.

ಉದ್ಘಾಟನೆ ಮಾಡಿದ ಅಧಿಕಾರಿಯ ಕಚೇರಿಗೆ ಖಾತೆ ಬದಲಾವಣೆಗೆ ಅಂತ ಐದು ಸಲ ಅಲೆದಿದ್ದೇನೆ. ಪ್ರತಿ ಸಲವೂ 'ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ'. ಮೀಟಿಂಗ್ ಅಂದ್ರೆ ಶಾಲು, ಪೇಟ ಅಂತ ಈಗ ಗೊತ್ತಾಯ್ತು. ನಮ್ಮ ಬೀದಿ ದೀಪ ಯುಗಾದಿಯಿಂದ ಉರಿದಿಲ್ಲ. ಅದೇ ಕಚೇರಿಯಲ್ಲಿ ಕೇಳಿದರೆ 'ಅದು ನಮಗೆ ಬರಲ್ಲ' ಅಂತಾರೆ. ಯಾರಿಗೆ ಬರುತ್ತೆ ಅಂದರೆ ಅದೂ ಗೊತ್ತಿಲ್ಲ. ಮೊನ್ನೆ ರಾತ್ರಿ ಕಾರ್ಯಾಗಾರದಿಂದ ವಾಪಸ್ ಬರುವಾಗ ಬಂಗಾರಪೇಟೆಯಲ್ಲಿ ಕೊನೆ ಬಸ್ ತಪ್ಪಿತು. ಆಟೋಗೆ 400 ತೆತ್ತು, ಅದೇ ಕತ್ತಲಲ್ಲಿ ಚರಂಡಿ ದಾಟಿ ಮನೆ ಸೇರಿದೆವು.

ಆಯೋಜಕರು 500 ರೂಪಾಯಿ ವಾಪಸ್ ಕೊಡಲಿ. ಇಲ್ಲಾಂದ್ರೆ ಇನ್ನೊಂದು ಸಲ ನೆಟ್ಟಗೆ ಮಾಡಲಿ. ಅದೆಲ್ಲ ಆಮೇಲೆ, ಮೊದಲು ಸಾಹೇಬ್ರು ಆ ಬೀದಿ ದೀಪ ಹಾಕಿಸಲಿ. ನಿಮ್ಮ ವರದಿಗಾರರಿಗೂ ಒಂದು ಮಾತು. ಊಟದ ಹೊತ್ತಿಗೆ ಬಂದು ಫೋಟೊ ತೆಗೆದುಕೊಂಡು ಹೋದಿರಲ್ಲ, 'ಯಶಸ್ವಿ' ಅಂತ ಬರೆಯೋಕೆ ಮುಂಚೆ ಹಿಂದಿನ ಸಾಲಿಗೆ ಬಂದು ಒಬ್ಬರನ್ನಾದರೂ ಕೇಳಬಾರದಿತ್ತಾ?

—ನೊಂದ ಪೋಷಕ, ಬಂಗಾರಪೇಟೆ ತಾಲ್ಲೂಕು