ಸ್ಟೀರಿಂಗ್ ಶಾಫ್ಟಿಗೆ ವೆಲ್ಡಿಂಗ್: ಪೇಂಟಿನ ಕೆಳಗೆ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಹಳೆ ಮಾರುತಿ 800 ಕಾರುಗಳಿಗೆ ಪವರ್ ಸ್ಟೀರಿಂಗ್ ಹಾಕಿಸುವ ಹುಚ್ಚು ನಮ್ಮ ಕಡೆ ಜಾಸ್ತಿಯಾಗಿದೆ. ಹಾಕಿಸಿಕೊಳ್ಳಲಿ, ಬೇಡ ಅನ್ನಲು ನಾನು ಯಾರು? ಆದರೆ ಅದಕ್ಕೋಸ್ಕರ ಸ್ಟೀರಿಂಗಿನ ತಿರುವನ್ನು ಚಕ್ರದ ಕಡೆಗೆ ಒಯ್ಯುವ ಸರಳನ್ನು, ಅಂದರೆ ಸ್ಟೀರಿಂಗ್ ಶಾಫ್ಟನ್ನು ಕತ್ತರಿಸಿ, ವೆಲ್ಡಿಂಗ್ ಹೊಡೆದು, ಮೇಲೆ ಕಪ್ಪು ಪೇಂಟ್ ಬಳಿದು ಕಳಿಸುತ್ತಿದ್ದಾರಲ್ಲ, ನನ್ನ ತಕರಾರು ಅದರದ್ದು. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಸಣ್ಣ ಗ್ಯಾರೇಜ್ ನಡೆಸುವವನು ನಾನು. ಇಂಥ ಕಾರುಗಳು ಆಗಾಗ ನನ್ನ ಹತ್ತಿರ ಬರುತ್ತವೆ. ಕೆಲಸ ಮಾಡಿದವರ ಹತ್ತಿರ ಯಾರೂ ವಾಪಸ್ ಹೋಗುವುದಿಲ್ಲ.

ನಡೆಯುವುದು ಹೀಗೆ. ಗುಜರಿಯಿಂದ ಆಲ್ಟೊ ಥರದ ಕಾರಿನ ಮೋಟಾರ್ ಇರುವ ಸ್ಟೀರಿಂಗ್ ಕಾಲಂ (ಶಾಫ್ಟಿನ ಮೇಲ್ಭಾಗವನ್ನು ಹಿಡಿದಿರುವ ಕೊಳವೆ) ತರುತ್ತಾರೆ. ಉದ್ದ ಹೊಂದಲಿಲ್ಲ, ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲು ಕೂರಲಿಲ್ಲ ಅಂದರೆ ಹಳೆ ಶಾಫ್ಟಿನ ಕೆಳಗಿನ ತುಂಡು, ಹೊಸದರ ಮೇಲಿನ ತುಂಡು, ನಡುವೆ ಒಂದು ಪೈಪು. ಆರ್ಕ್ ವೆಲ್ಡಿಂಗ್ ಹೊಡೆದು ಗ್ರೈಂಡರ್‌ನಲ್ಲಿ ಉಜ್ಜಿದರೆ ಕೆಲಸ ಮುಗಿಯಿತು. ಸಂಜೆಗೆ ಕಾರು ರೆಡಿ. ಒಂದು ಬೆರಳಲ್ಲಿ ಸ್ಟೀರಿಂಗ್ ತಿರುಗುತ್ತದೆ, ಗಿರಾಕಿ ಖುಷಿ.

ಈಚೆಗೆ ನಿವೃತ್ತ ಮೇಷ್ಟ್ರೊಬ್ಬರು ಇಂಥದ್ದೇ ಕಾರು ತಂದರು. ‘ಏನಪ್ಪಾ, ತಿರುಗಿಸುವಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಒಳಗೆ ಕಟ್ ಅನ್ನುತ್ತೆ ನೋಡು’ ಅಂದರು. ಶಾಫ್ಟ್ ಬಿಚ್ಚಲೇಬೇಕಾಯಿತು. ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಚಕ್ರ ನೇರ ನಿಲ್ಲಿಸಿ, ಸ್ಟೀರಿಂಗ್ ತಿರುಗದ ಹಾಗೆ ಕಟ್ಟಿ, ಶಾಫ್ಟಿನ ತುದಿ ಕೂರುವ ಜಾಯಿಂಟಿನ ಮೇಲೂ ಶಾಫ್ಟಿನ ಮೇಲೂ ಒಂದೇ ಗೆರೆ ಬರುವಂತೆ ಪೇಂಟಲ್ಲಿ ಗುರುತು ಹಾಕಬೇಕು. ಇಲ್ಲದಿದ್ದರೆ ವಾಪಸ್ ಕೂರಿಸುವಾಗ ಹಲ್ಲು ತಪ್ಪಿ, ಕಾರು ನೇರ ಹೋಗುತ್ತಿದ್ದರೂ ಸ್ಟೀರಿಂಗ್ ಓರೆ ನಿಲ್ಲುತ್ತದೆ. ಜಾಯಿಂಟಿನ ಬೋಲ್ಟನ್ನು ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಯಾಕೆಂದರೆ ಬೋಲ್ಟ್ ಹಾದುಹೋಗುವ ಕಡೆ ಶಾಫ್ಟಿನ ಹಲ್ಲಿಗೆ ಅಡ್ಡ ಕಚ್ಚು ಕೊರೆದಿರುತ್ತಾರೆ. ಬೋಲ್ಟ್ ಆ ಕಚ್ಚಿನಲ್ಲಿ ಕೂತಿರುತ್ತದೆ. ನಟ್ ಸಡಿಲವಾದರೂ ಬೋಲ್ಟ್ ಅಲ್ಲಿರುವ ತನಕ ಶಾಫ್ಟ್ ಜಾರಿ ಆಚೆ ಬರುವುದಿಲ್ಲ. ಎಷ್ಟು ಸಣ್ಣ ಕಚ್ಚು, ಎಷ್ಟು ದೊಡ್ಡ ಉಪಾಯ ನೋಡಿ. ಮೇಷ್ಟ್ರ ಕಾರಿನ ಪೈಪಿನಲ್ಲಿ ಕಚ್ಚೂ ಇರಲಿಲ್ಲ, ಬೋಲ್ಟಿಗೆ ಲಾಕ್ ವಾಷರೂ ಇರಲಿಲ್ಲ. ಪೇಂಟ್ ಕೆರೆದು ನೋಡಿದರೆ ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ಶಾಫ್ಟಿನ ಸುತ್ತಳತೆಯ ಅರ್ಧದಷ್ಟು ಓಡಿತ್ತು.

ಅನುಮಾನ ಇದ್ದರೆ ಇದನ್ನು ಪರೀಕ್ಷೆ ಮಾಡುವುದೂ ಕಷ್ಟವಲ್ಲ. ಕೆಂಪು ಡೈ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಇರುವ ಕಡೆ ಕೆಂಪು ಗೆರೆ ಮೂಡುತ್ತದೆ. ಮೇಷ್ಟ್ರಿಗೆ ಹಾಗೇ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ಮಗನಿಗೆ ಫೋನ್ ಹಚ್ಚಿದರು.

ವೆಲ್ಡಿಂಗ್ ಗಟ್ಟಿಯೇ ಅಲ್ವಾ, ಲಾರಿ ಚಾಸಿಗೇ ಹೊಡೆಯುತ್ತಾರಲ್ಲ ಅನ್ನುವವರಿದ್ದಾರೆ. ಚಾಸಿಯ ಕಬ್ಬಿಣ ಮೆತ್ತನೆಯದು. ಶಾಫ್ಟಿನ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ. ಮೊದಲೇ ಬಿಸಿ ಮಾಡದೆ, ನಿಧಾನಕ್ಕೆ ಆರಲು ಬಿಡದೆ ವೆಲ್ಡಿಂಗ್ ಹೊಡೆದರೆ ಅದರ ಪಕ್ಕದ ಅಂಚು ಗಡುಸಾಗಿ ಹಪ್ಪಳದ ಹಾಗೆ ಮುರುಕಲಾಗುತ್ತದೆ. ಆ ಅಂಚು ದಿನವೆಲ್ಲ ಎಡಕ್ಕೂ ಬಲಕ್ಕೂ ತಿರುಚಿಸಿಕೊಳ್ಳುತ್ತಿರಬೇಕು. ಅದು ಬಗ್ಗಿ ಎಚ್ಚರಿಕೆ ಕೊಡುವುದಿಲ್ಲ. ಒಂದು ದಿನ ತಿರುವಿನಲ್ಲಿ ಕೈಯಲ್ಲಿ ಸ್ಟೀರಿಂಗ್ ಸುಮ್ನೆ ಸುತ್ತುತ್ತದೆ, ಚಕ್ರ ತನ್ನ ಪಾಡಿಗೆ ಹೋಗುತ್ತದೆ.

ಮೇಷ್ಟ್ರು ಹೇಳಿದ ಆ ಬಿಗಿ-ಸಡಿಲದ ಕಾರಣ ಬೇರೆ. ಓರೆಯಲ್ಲೂ ತಿರುವು ದಾಟಿಸುವ ಎರಡು ಕ್ರಾಸ್ ಜಾಯಿಂಟ್ ಇರುವ ಶಾಫ್ಟಿನಲ್ಲಿ ಎರಡರ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಆಗ ಒಂದು ಜಾಯಿಂಟಿನ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಕತ್ತರಿಸಿ ಕಣ್ಣಂದಾಜಿನಲ್ಲಿ ಜೋಡಿಸಿದರೆ ಆ ಸಾಲು ತಪ್ಪುತ್ತದೆ. ಜಾಯಿಂಟಿನ ಓರೆ 30 ಡಿಗ್ರಿ ದಾಟಿದರೆ ಇನ್ನೂ ಕಷ್ಟ.

ಇನ್ನೊಂದು ವಿಷಯವನ್ನು ಜನ ಯೋಚಿಸುವುದೇ ಇಲ್ಲ. ಮುಂದಿನಿಂದ ಗುದ್ದಿದಾಗ ಸ್ಟೀರಿಂಗ್ ಡ್ರೈವರ್ ಎದೆಗೆ ನುಗ್ಗಬಾರದು ಅಂತ ಕಾಲಂ ಒಳಗೊಳಗೇ ಕುಸಿಯುವಂತೆ ಮಾಡಿರುತ್ತಾರೆ. ಅಮೆರಿಕದಲ್ಲಿ ಇದರ ನಿಯಮ 1968ರಲ್ಲೇ ಜಾರಿಗೆ ಬಂತು. ಜಾರಬೇಕಾದ ಜಾಗಕ್ಕೇ ಪೈಪ್ ಇಟ್ಟು ವೆಲ್ಡ್ ಮಾಡಿದರೆ ಅದು ಬರೀ ಸರಳು. ಶಾಫ್ಟ್ ಕೂರಲಿಲ್ಲ ಅಂತ ಸುತ್ತಿಗೆಯಲ್ಲಿ ಹೊಡೆಯುವುದೂ ತಪ್ಪು. ಕುಸಿಯಲೆಂದು ಇಟ್ಟ ಪ್ಲಾಸ್ಟಿಕ್ ಪಿನ್ನುಗಳು ಆ ಏಟಿಗೇ ಮುರಿಯುತ್ತವೆ.

ಅಷ್ಟಕ್ಕೂ 800ಕ್ಕೆ ಪವರ್ ಸ್ಟೀರಿಂಗ್ ಯಾಕೆ? ಕಾರಿನ ತೂಕವೇ ಸುಮಾರು 650 ಕಿಲೋ. ಕಂಪನಿ ಕೊಟ್ಟ 12 ಇಂಚಿನ ಸಣ್ಣ ಟೈರಿನಲ್ಲಿ ಅದು ಹಗುರವಾಗೇ ತಿರುಗುತ್ತದೆ. ಚೆಂದಕ್ಕೆ ಅಂತ 13 ಇಂಚಿನ ಅಲಾಯ್, ಅಗಲ ಟೈರ್ ಹಾಕಿಸುತ್ತಾರೆ. ಆಮೇಲೆ ಸ್ಟೀರಿಂಗ್ ಭಾರ ಅನ್ನುತ್ತಾರೆ. ಟೈರಿಗೆ ಗಾಳಿ ಕಮ್ಮಿ ಇರಬಹುದು, ರ‍್ಯಾಕ್ (ಚಕ್ರ ತಿರುಗಿಸುವ ಹಲ್ಲಿನ ಸರಳು) ಒಣಗಿರಬಹುದು, ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್ ಕಂಬ) ಮೇಲಿನ ಬೇರಿಂಗ್ ಹಿಡಿದಿರಬಹುದು, ಜಾಯಿಂಟ್ ತುಕ್ಕು ಹಿಡಿದಿರಬಹುದು. ಮೊದಲು ಇವನ್ನೆಲ್ಲ ನೋಡಬೇಕು. ಮೇಷ್ಟ್ರಿಗೆ ಭುಜದ ನೋವಂತೆ, ಅದಕ್ಕೆ ಮಗ ಪ್ರೀತಿಯಿಂದ ಹಾಕಿಸಿಕೊಟ್ಟಿದ್ದ. ನಾನು ಗುಜರಿಯಿಂದ ಕತ್ತರಿಸದ ಹಳೆ ಶಾಫ್ಟ್, ಕಾಲಂ ತಂದು ಹಾಕಿ, ಬೇರಿಂಗ್ ಬದಲಾಯಿಸಿ, ಹಳೆ ಅಳತೆಯ ಟೈರ್ ಹಾಕಿಕೊಟ್ಟೆ. ಈಗ ಸಂತೆಗೆ ಅವರೇ ಓಡಿಸಿಕೊಂಡು ಹೋಗುತ್ತಾರೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಸ್ಸಿಗೆ ಬಂದಂತೆ ವಾಹನ ಬದಲಾಯಿಸಬೇಡಿ ಅನ್ನುತ್ತದೆ. 2019ರ ತಿದ್ದುಪಡಿ ಆದ ಮೇಲೆ ನಿಯಮ ಮೀರಿದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅದಕ್ಕೇ ಮಾಲೀಕ ಹೇಳುವುದಿಲ್ಲ, ಹಾಕಿದವನು ಬಿಲ್ ಕೊಡುವುದಿಲ್ಲ. ಕೊನೆಯ 800 ತಯಾರಾದದ್ದು 2014ರಲ್ಲಿ. ಖಾಸಗಿ ಕಾರಿಗೆ 15 ವರ್ಷ ತುಂಬಿದರೆ ತಪಾಸಣೆ ಆಗಿ, ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗಬೇಕು. ಅಂದರೆ ಈಗ ಓಡುತ್ತಿರುವ 800ಗಳಲ್ಲಿ ಹೆಚ್ಚಿನವು ಈ ತಪಾಸಣೆ ದಾಟಿ ಬಂದಿರಬೇಕಾದವೇ. ಸ್ಟೀರಿಂಗ್ ಆಟ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುವುದು) 30 ಡಿಗ್ರಿ ಮೀರಬಾರದು, ಜೋಡಣೆಯ ಬೋಲ್ಟ್ ಪಿನ್ನುಗಳು ಲಾಕ್ ಆಗಿರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 98 ಹೇಳುತ್ತದೆ. ತಪಾಸಣೆಯಲ್ಲಿ ಹೊಗೆ ನೋಡುತ್ತಾರೆ, ಲೈಟು ನೋಡುತ್ತಾರೆ. ಪೆಡಲ್ ಹತ್ತಿರ ಬಗ್ಗಿ ಟಾರ್ಚ್ ಬಿಟ್ಟವರನ್ನು ಮಾತ್ರ ನಾನು ಕಂಡಿಲ್ಲ.

ಸಾರಿಗೆ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ನವೀಕರಣಕ್ಕೆ ಬಂದ ಹಳೆ ಕಾರಿನ ಶಾಫ್ಟನ್ನು ಕಣ್ಣಾರೆ ನೋಡುವುದು ಕಡ್ಡಾಯವಾಗಲಿ, ಐದು ನಿಮಿಷದ ಕೆಲಸ. ಜೊತೆಗೆ, ಸರಿಯಾಗಿ ಮಾಡಿಸಿಕೊಳ್ಳಬೇಕು ಅನ್ನುವವರಿಗೆ ಒಂದು ದಾರಿ ಇರಲಿ. ಸಿಎನ್‌ಜಿ ಕಿಟ್ಟಿಗೆ ಆ ದಾರಿ ಇದೆ: ಅನುಮೋದಿತ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ದಾಖಲಾಗುತ್ತದೆ. ಸ್ಟೀರಿಂಗಿಗೂ ಹಾಗೇ ಮಾಡಬಹುದಲ್ಲ. ಆಸ್ಟ್ರೇಲಿಯಾದಲ್ಲಿ ಇಂಥ ಬದಲಾವಣೆ ಮಾಡಿದರೆ ಎಂಜಿನಿಯರ್ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ನಮ್ಮಲ್ಲೂ ಒಬ್ಬರು ಸಹಿ ಹಾಕುವ ಹಾಗಾದರೆ ಸಂಜೆಯೊಳಗೆ ರೆಡಿ ಮಾಡುವವರ ಅಂಗಡಿ ತಾನಾಗೇ ತಣ್ಣಗಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬೋನೆಟ್ ಎತ್ತಿ ಎಂಜಿನ್ ನೋಡುವ ಮೊದಲು ಡ್ರೈವರ್ ಬಾಗಿಲು ತೆಗೆದು ಬ್ರೇಕ್ ಪೆಡಲ್ ಮೇಲ್ಗಡೆ ಟಾರ್ಚ್ ಬಿಡಿ. ಶಾಫ್ಟ್ ಎಲ್ಲಾದರೂ ದಪ್ಪಗಿದ್ದರೆ, ಉಜ್ಜಿದ ಗುರುತಿದ್ದರೆ, ಅಷ್ಟು ಭಾಗಕ್ಕೆ ಮಾತ್ರ ಹೊಸ ಪೇಂಟ್ ಇದ್ದರೆ, ಆ ಶಾಫ್ಟ್ ಬದಲಾಯಿಸುವ ತನಕ ಕಾರನ್ನು ರಸ್ತೆಗೆ ಇಳಿಸಬೇಡಿ.

ಇತಿ,
ಬಿ.ಎಚ್. ರಸ್ತೆಯ ಒಬ್ಬ ಮೆಕ್ಯಾನಿಕ್, ತಿಪಟೂರು