ಗುಳಿಗೆ ಮೆದುಳಿಗೆ ಮುಟ್ಟಿದ್ದು ಯಾವ ಸ್ಕ್ಯಾನಿನಲ್ಲಿ ಕಾಣುತ್ತದೆ?

ಮಾನ್ಯ ಸಂಪಾದಕರೇ,

‘ಗುಳಿಗೆ ಮೆದುಳಿಗೆ ಮುಟ್ಟೇತೋ ಇಲ್ಲೋ, ಒಂದು ಸ್ಕ್ಯಾನ್ ಮಾಡಿ ನೋಡ್ರಿ’ ಎಂದು ಮಾನಸಿಕ ಕಾಯಿಲೆಯವರ ಮನೆಮಂದಿ ಬೆಳಗಾವಿಯ ಆಸ್ಪತ್ರೆಗಳಲ್ಲಿ ಕೇಳುತ್ತಿರುತ್ತಾರೆ. ಕೇಳುವುದು ತಪ್ಪಲ್ಲ. ಅದಕ್ಕಾಗಿ ಎಂಆರ್‌ಐಗೆ ದುಡ್ಡು ಸುರಿಯುವುದು ಮಾತ್ರ ದಂಡ. ಎಂಆರ್‌ಐ ಮೆದುಳಿನ ರಚನೆ ತೋರಿಸುತ್ತದೆ. ಕ್ಯಾನ್ಸರ್‌ಗೆ ಮಾಡುವ ಪೆಟ್ ಸ್ಕ್ಯಾನ್ ಸಕ್ಕರೆ ಎಲ್ಲಿ ಹೆಚ್ಚು ಖರ್ಚಾಗುತ್ತಿದೆ ಎಂದು ಹೇಳುತ್ತದೆ. ಔಷಧ ಹೋಗಿ ಕೂರುವ ರಿಸೆಪ್ಟರ್ (ನರಕೋಶದ ಮೇಲಿನ ಗ್ರಾಹಕ) ಎರಡರಲ್ಲೂ ಕಾಣದು.

ಅದನ್ನು ಅಳೆಯಲು ರಾಕ್ಲೊಪ್ರೈಡ್ ಎಂಬ ರಾಸಾಯನಿಕಕ್ಕೆ ವಿಕಿರಣಶೀಲ ಕಾರ್ಬನ್-11 ಜೋಡಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ಮೆದುಳಿನ ಸಂದೇಶವಾಹಕ ರಾಸಾಯನಿಕ ಡೋಪಮಿನ್‌ನ ಡಿ2 ರಿಸೆಪ್ಟರ್‌ಗಳಿಗೆ ಅಂಟುತ್ತದೆ; ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಗುಳಿಗೆ ಕೂರುವುದೂ ಅಲ್ಲೇ. ಸುಮಾರು ಒಂದು ತಾಸು ಪೆಟ್ ಯಂತ್ರದಲ್ಲಿ ಮಲಗಿಸಿ, ಡಿ2 ಹೆಚ್ಚಿರುವ ಮೆದುಳಿನ ಒಳಭಾಗ ಸ್ಟ್ರಯೇಟಮ್‌ನ ವಿಕಿರಣದ ಎಣಿಕೆಯನ್ನು ಡಿ2 ತೀರ ಕಡಿಮೆಯಿರುವ ಸೆರೆಬೆಲಮ್‌ನ (ಕಿರುಮೆದುಳಿನ) ಎಣಿಕೆಗೆ ಹೋಲಿಸಿ, ಅದಕ್ಕಿಂತ ಎಷ್ಟು ಪಟ್ಟು ಹೆಚ್ಚುವರಿ ಇದೆ ಎಂದು ನೋಡಬೇಕು. ಆ ಹೆಚ್ಚುವರಿ ಗುಳಿಗೆ ಇಲ್ಲದಾಗ 3 ಪಟ್ಟು, ನುಂಗಿದ ಮೇಲೆ 0.9 ಪಟ್ಟು ಬಂತೆನ್ನಿ: ಶೇ 70ರಷ್ಟು ಜಾಗ ಔಷಧದ ಪಾಲು. ಹ್ಯಾಲೊಪೆರಿಡಾಲ್‌ನಂಥ ಔಷಧಕ್ಕೆ ಶೇ 65ರ ಆಸುಪಾಸಿನಲ್ಲಿ ಗುಣ ಕಾಣುತ್ತದೆ; ಶೇ 80 ಸಮೀಪಿಸಿದರೆ ಕೈಕಾಲು ಬಿಗಿತ, ನಡುಕ ಶುರು. ಇಂಥದ್ದೇ ಇನ್ನೊಂದು ಔಷಧ ಕ್ಲೊಜಪಿನ್ ಇದಕ್ಕಿಂತ ಕಡಿಮೆ ಜಾಗ ಹಿಡಿದೂ ಕೆಲಸ ಮಾಡುತ್ತದೆ, ಆದ್ದರಿಂದ ಈ ಅಂಕಿಯೊಂದನ್ನೇ ನಂಬುವಂತಿಲ್ಲ.

ಎಡವಟ್ಟಾಗುವ ಜಾಗಗಳೂ ಹಲವು. ತಲೆ ಕೆಲವೇ ಮಿಲಿಮೀಟರ್ ಸರಿದರೂ ಸ್ಟ್ರಯೇಟಮ್‌ನ ಎಣಿಕೆ ಇಳಿಯುತ್ತದೆ, ಔಷಧವೇ ಹೆಚ್ಚು ಕೂತಂತೆ ತೋರುತ್ತದೆ. ವಿಕಿರಣವಿಲ್ಲದ ರಾಕ್ಲೊಪ್ರೈಡ್ ಹೆಚ್ಚು ಬೆರೆತಿದ್ದರೆ ಅದುವೇ ರಿಸೆಪ್ಟರ್‌ಗಳನ್ನು ತುಂಬಿಬಿಡುತ್ತದೆ. ಅಳೆಯಲು ಇಟ್ಟ ಸೇರೇ ರಾಶಿ ತಿಂದಂತೆ. ತಿಂಗಳಿಗೊಮ್ಮೆ ಕೊಡುವ ಡಿಪೋ ಸೂಜಿ ಪಡೆದವರು ನಿನ್ನೆ ಗುಳಿಗೆ ಬಿಟ್ಟೆ ಎಂದರೆ ‘ಗುಳಿಗೆ ಇಲ್ಲದ’ ಅಂಕಿ ಸಿಗದು. ಸೂಜಿಯ ಔಷಧ ವಾರಗಟ್ಟಲೆ ಉಳಿದಿರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಸಮಯದ್ದು. ಕಾರ್ಬನ್-11 ಪ್ರತಿ 20 ನಿಮಿಷಕ್ಕೆ ಅರ್ಧವಾಗುತ್ತದೆ. ಎರಡು ತಾಸಿಗೆ ಉಳಿಯುವುದು 64ರಲ್ಲಿ ಒಂದು ಪಾಲು. ಬೆಂಗಳೂರಿನಿಂದ ಗಾಡಿಯಲ್ಲಿ ತರುವ ಮಾತೇ ಇಲ್ಲ, ಅದನ್ನು ತಯಾರಿಸುವ ಯಂತ್ರ ಸೈಕ್ಲೊಟ್ರಾನ್ ಅದೇ ಆವರಣದಲ್ಲಿರಬೇಕು. ಹಾಗಾಗಿ ಇದು ಸಂಶೋಧನೆಯ ಪರೀಕ್ಷೆಯಾಗಿಯೇ ಉಳಿದಿದೆ.

ನಡುಕ ಪಾರ್ಕಿನ್ಸನ್‌ನದೋ ಗುಳಿಗೆಯದೋ ಎಂಬ ಗೊಂದಲಕ್ಕೆ ಮಾತ್ರ ಟ್ರೋಡಾಟ್ ಸ್ಕ್ಯಾನ್ ನೆರವಾಗುತ್ತದೆ. ಇದರಲ್ಲಿ ಬಳಸುವ ವಿಕಿರಣಶೀಲ ಟೆಕ್ನೀಷಿಯಂ-99ಎಂ ಅರ್ಧವಾಗಲು 6 ತಾಸು ಬೇಕು, ಗಾಮಾ ಕ್ಯಾಮೆರಾ ಸಾಕು. ಸೂಜಿ ಕೊಟ್ಟು ಮೂರು-ನಾಲ್ಕು ತಾಸು ಕಾಯಬೇಕು. ಈ ಸ್ಕ್ಯಾನ್ ತೋರಿಸುವುದು ಡೋಪಮಿನ್ ಟ್ರಾನ್ಸ್‌ಪೋರ್ಟರ್ ಅನ್ನು, ಅಂದರೆ ಡೋಪಮಿನ್ ಅನ್ನು ನರಕೋಶದೊಳಕ್ಕೆ ಮರಳಿ ಎಳೆದುಕೊಳ್ಳುವ ಪ್ರೋಟೀನನ್ನು. ಪಾರ್ಕಿನ್ಸನ್‌ನಲ್ಲಿ ಅದು ಕುಂದಿರುತ್ತದೆ. ಗುಳಿಗೆ ಮುಚ್ಚುವುದು ರಿಸೆಪ್ಟರನ್ನು, ಟ್ರಾನ್ಸ್‌ಪೋರ್ಟರನ್ನಲ್ಲ. ಆದ್ದರಿಂದ ರಿಪೋರ್ಟ್ ‘ನಾರ್ಮಲ್’ ಬಂತೆಂದು ಗುಳಿಗೆ ನಿರ್ದೋಷಿಯಾಗದು. ಅನುಮಾನ ಅದರ ಮೇಲೆಯೇ ಹೆಚ್ಚುತ್ತದೆ. ಬುಪ್ರೊಪಿಯಾನ್, ಮಿಥೈಲ್‌ಫೆನಿಡೇಟ್ ಎಂಬ ಔಷಧಗಳು ಮಾತ್ರ ಟ್ರಾನ್ಸ್‌ಪೋರ್ಟರಿಗೇ ಅಂಟಿ ಚಿತ್ರ ಕೆಡಿಸುತ್ತವೆ. ಸ್ಕ್ಯಾನ್‌ಗೆ ಬರುವವರು ಗುಳಿಗೆ ಚೀಟಿಗಳನ್ನೆಲ್ಲ ತರಲಿ, ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರು ಹೇಳಲಿ.

— ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞರು, ಬೆಳಗಾವಿ